ಸ್ವಾತಂತ್ರ್ಯಾನಂತರದ ಸಾರ್ವಜನಿಕ ಶಿಲ್ಪ: ನೋಡುವ, ಅಳೆಯುವ, ದಾಖಲಿಸುವ ಕ್ರಮ

1947ರಿಂದ 1970ರ ಆಸುಪಾಸಿನವರೆಗೆ ನಮ್ಮ ದೇಶದಲ್ಲಿ ನಿಂತ ಸಾರ್ವಜನಿಕ ಶಿಲ್ಪಗಳ ಬಗ್ಗೆ ಬರೆಯುವವರು ಹೆಚ್ಚಾಗಿ ಮುಖ ನೋಡಿ, ಫಲಕ ಓದಿ, ಎರಡು ಫೋಟೋ ತೆಗೆದು ಕೆಲಸ ಮುಗಿಸುತ್ತಾರೆ. ಇದರಿಂದ ಸಿಗುವುದು ಒಬ್ಬ ನಾಯಕರ ಹೆಸರು, ಅನಾವರಣದ ಒಂದು ದಿನಾಂಕ, ಅಷ್ಟೇ. ಆಗಷ್ಟೇ ಸ್ವತಂತ್ರವಾದ ದೇಶ ತನ್ನನ್ನು ಹೇಗೆ ಕಂಡುಕೊಂಡಿತು ಎಂಬುದು ಕಾಣಬೇಕಾದರೆ ಆಗ ಮಾಡಿದ ತೀರ್ಮಾನಗಳನ್ನು ಹುಡುಕಬೇಕು. ಯಾರನ್ನು ಕಡೆಯಬೇಕು, ಯಾವ ಹಳೆಯ ಮಾದರಿ ಹಿಡಿಯಬೇಕು, ಕಲ್ಲು ಎಲ್ಲಿಂದ ತರಬೇಕು, ಎಷ್ಟೆತ್ತರದ ಪೀಠದ ಮೇಲೆ ಯಾವ ದಿಕ್ಕಿಗೆ ನಿಲ್ಲಿಸಬೇಕು ಎಂದು ಯಾರೋ ಕೂತು ಚರ್ಚಿಸಿದ್ದಾರೆ, ಒಪ್ಪದವರು ಜಗಳವಾಡಿದ್ದಾರೆ. ಅದನ್ನು ಶಿಲ್ಪದ ಮೈಯಿಂದಲೂ ಕಡತದಿಂದಲೂ ಹೊರತೆಗೆಯುವ ಕ್ರಮ ಇಲ್ಲಿದೆ. ಕಾಲೇಜಿನ ಪ್ರಾಜೆಕ್ಟ್ ಮಾಡುವವರಿಗೂ ಊರಿನ ಪ್ರತಿಮೆಗಳ ಪಟ್ಟಿ ಸಿದ್ಧಪಡಿಸುವವರಿಗೂ ಇಷ್ಟು ಸಾಕು.

ಒಯ್ಯಬೇಕಾದ್ದು

5 ಮೀಟರ್ ಟೇಪು, ಬಟ್ಟೆ ಹೊಲಿಯುವವರು ಬಳಸುವ ಇಂಚು ಟೇಪು, ಸಣ್ಣ ಅಯಸ್ಕಾಂತ, ಟಾರ್ಚ್, 1 ಮೀಟರ್ ಉದ್ದದ ಕೋಲಿಗೆ 10 ಸೆಂಟಿಮೀಟರಿಗೊಮ್ಮೆ ಕಪ್ಪು ಬಿಳುಪು ಬಣ್ಣ ಹಚ್ಚಿದ ಅಳತೆಗೋಲು, ನೋಟ್‌ಬುಕ್, ಪೆನ್ಸಿಲ್. ಫೋನಿನಲ್ಲಿ ದಿಕ್ಸೂಚಿ ಮತ್ತು ಕೋನ ಅಳೆಯುವ ಆ್ಯಪ್ ಇರಲಿ. ಬ್ರಷ್, ನೀರು, ಬಟ್ಟೆ ಒಯ್ಯಬೇಡಿ. ಕೈಯಲ್ಲಿದ್ದರೆ ಒರೆಸುವ ಆಸೆ ಹುಟ್ಟುತ್ತದೆ. ದಾಖಲಿಸುವವರಿಗೆ ಒರೆಸುವ ಅಧಿಕಾರವಿಲ್ಲ, ಒರೆಸಿದರೆ ಹೋಗುವುದು ಮರಳಿ ಬರುವುದಿಲ್ಲ.

ನಾಲ್ಕು ಅಂಕಣ

ನೋಟ್‌ಬುಕ್ಕಿನ ಎದುರುಬದುರು ಎರಡು ಪುಟಗಳಲ್ಲಿ ನಾಲ್ಕು ಅಂಕಣ ಎಳೆಯಿರಿ: ಯಾರು, ಯಾವ ರೂಪ, ಯಾವ ವಸ್ತು, ಯಾವ ಜಾಗ. ಒಂದು ಅಂಕಣದ ಉತ್ತರ ಇನ್ನೊಂದರೊಳಗೆ ನುಸುಳದಂತೆ ನೋಡಿಕೊಳ್ಳಬೇಕು. ‘ಇದು ಭಾರತೀಯ ಶೈಲಿ’, ‘ಅದು ಪಾಶ್ಚಾತ್ಯ ಶೈಲಿ’ ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಡುವ ಅಭ್ಯಾಸ ಅಂಕಣಗಳು ಕಲಸಿಹೋದಾಗಲೇ ಬರುತ್ತದೆ. ಅಂಕಣಗಳು ಒಂದಕ್ಕೊಂದು ಹೊಂದದೆ ಇದ್ದರೆ ಅಲ್ಲೇ ನಿಲ್ಲಿ. ನೀವು ಬರೆಯಬೇಕಾದ ವಿಷಯ ಬಹುತೇಕ ಅಲ್ಲಿರುತ್ತದೆ.

ದೆಹಲಿಯ ಸಂಸದ್ ಮಾರ್ಗದಲ್ಲಿರುವ ರಿಸರ್ವ್ ಬ್ಯಾಂಕಿನ ಬಾಗಿಲಿನ ಎರಡೂ ಬದಿಯ ಯಕ್ಷ ಮತ್ತು ಯಕ್ಷಿಯನ್ನು ತೆಗೆದುಕೊಳ್ಳಿ. ಸರ್ಕಾರಿ ಕಟ್ಟಡಗಳ ಮೂಲಕ ಕಲಾವಿದರಿಗೆ ಕೆಲಸ ಸಿಗಬೇಕು ಎಂಬ ನೆಹರೂ ಅವರ ಆಸಕ್ತಿಯಿಂದ 1950ರ ದಶಕದ ಮಧ್ಯದಲ್ಲಿ ಶುರುವಾದ ಕೆಲಸವಿದು, ಶಿಲ್ಪಿ ಶಾಂತಿನಿಕೇತನದ ರಾಮಕಿಂಕರ್ ಬೈಜ್. ‘ಯಾರು’ ಅಂಕಣದಲ್ಲಿ ನಾಯಕರಿಲ್ಲ, ದೊಡ್ಡ ದೇವರೂ ಇಲ್ಲ. ನಿಧಿ ಕಾಯುವ, ಬೆಳೆ ಮಳೆಯ ಜೊತೆ ನಂಟಿರುವ ಜನಪದ ದೇವತೆಗಳ ಜೋಡಿ ಇದೆ. ‘ರೂಪ’ದ ಅಂಕಣಕ್ಕೆ ಬಂದರೆ, ಯಕ್ಷನಿಗೆ ಮಥುರಾ ವಸ್ತುಸಂಗ್ರಹಾಲಯದ ಪರ್ಖಮ್ ಯಕ್ಷ ಆಧಾರ, ಯಕ್ಷಿಗೆ ಕೋಲ್ಕತ್ತದ ಇಂಡಿಯನ್ ಮ್ಯೂಸಿಯಮ್ಮಿನಲ್ಲಿರುವ ಬೇಸ್‌ನಗರದ ಯಕ್ಷಿ ಆಧಾರ. ಆದರೆ ಯಕ್ಷನ ಕೈಗಳಲ್ಲಿ ಹಣದ ಚೀಲ ಮತ್ತು ಯಂತ್ರದ ಹಲ್ಲುಚಕ್ರ ಇವೆ, ಯಕ್ಷಿಯ ಕೈಗಳಲ್ಲಿ ಹೂವು ಮತ್ತು ಪೈರು. ಒಂದು ಕಡೆ ಕೈಗಾರಿಕೆ, ಇನ್ನೊಂದು ಕಡೆ ಕೃಷಿ: ಎರಡು ಸಾವಿರ ವರ್ಷ ಹಳೆಯ ನಿಲುವಿಗೆ ಪಂಚವಾರ್ಷಿಕ ಯೋಜನೆಗಳ ಯುಗದ ಕೆಲಸ ಹೊರಿಸಲಾಗಿದೆ. ‘ವಸ್ತು’ ಮರಳುಗಲ್ಲು, ಕಾಂಗ್ರಾ ಕಣಿವೆಯ ಬೈಜನಾಥದಿಂದ ಬಂದದ್ದು. ಅಷ್ಟು ದೊಡ್ಡ ಕಲ್ಲು ಹುಡುಕಿ, ಎಬ್ಬಿಸಿ, ಸಾಗಿಸುವುದೇ ವರ್ಷಗಳ ಕೆಲಸವಾಯಿತು. ‘ಜಾಗ’ ಹೊಸ ದೇಶದ ಹಣ ನಿರ್ವಹಿಸುವ ಸಂಸ್ಥೆಯ ಹೊಸ್ತಿಲು. ಇಷ್ಟಾದ ಮೇಲೆ ಯಕ್ಷಿಯ ನಗ್ನತೆಯ ಬಗ್ಗೆ ರಾಜ್ಯಸಭೆಯಲ್ಲಿ ಪ್ರಶ್ನೆ ಬಂತು. ವಸ್ತುಸಂಗ್ರಹಾಲಯದೊಳಗೆ ಯಾರೂ ಎತ್ತದ ಆಕ್ಷೇಪ ಬ್ಯಾಂಕಿನ ಮುಂದೆ ಎದ್ದದ್ದೇಕೆ ಎಂದು ಕೇಳಿದರೆ ‘ರೂಪ’ ಮತ್ತು ‘ಜಾಗ’ದ ನಡುವಿನ ಘರ್ಷಣೆ ತಾನಾಗಿ ಬಿಚ್ಚಿಕೊಳ್ಳುತ್ತದೆ.

ದಿನಾಂಕಗಳು ನಾಲ್ಕಿರುತ್ತವೆ

ಅತಿ ಹೆಚ್ಚು ತಪ್ಪುಗಳು ಆಗುವುದು ಇಲ್ಲಿ. ಫಲಕದಲ್ಲಿರುವುದು ಅನಾವರಣದ ದಿನಾಂಕ, ಅಂದರೆ ಸರಪಳಿಯ ಕೊನೆಯ ಕೊಂಡಿ. ತೀರ್ಮಾನವಾದದ್ದು, ಮಣ್ಣಿನ ಅಥವಾ ಪ್ಲಾಸ್ಟರಿನ ಮಾದರಿ ಮುಗಿದದ್ದು, ಎರಕ ಹೊಯ್ದದ್ದು ಇಲ್ಲವೇ ಕಲ್ಲು ಕಡೆದದ್ದು, ಅನಾವರಣವಾದದ್ದು, ಈ ನಾಲ್ಕನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ. ಸಿಗದ ಸಾಲನ್ನು ಖಾಲಿ ಬಿಡಿ, ಊಹಿಸಿ ತುಂಬಬೇಡಿ.

ಅಂತರ ಎಷ್ಟು ದೊಡ್ಡದಿರಬಹುದು ಎಂಬುದಕ್ಕೆ ಪಟ್ನಾದ ಹುತಾತ್ಮರ ಸ್ಮಾರಕ ಒಳ್ಳೆಯ ಉದಾಹರಣೆ. 1942ರ ಆಗಸ್ಟ್ 11ರಂದು ಸಚಿವಾಲಯದ ಮೇಲೆ ಧ್ವಜ ಹಾರಿಸಲು ಹೋಗಿ ಗುಂಡಿಗೆ ಬಲಿಯಾದ ಏಳು ಯುವಕರ ನೆನಪಿಗೆ 1947ರ ಆಗಸ್ಟ್ 15ರಂದೇ ಅಡಿಗಲ್ಲು ಬಿತ್ತು. ದೇವಿಪ್ರಸಾದ್ ರಾಯ್ ಚೌಧುರಿ ಮಾಡಿದ ಕಂಚಿನ ಗುಂಪು ಅನಾವರಣವಾದದ್ದು 1956ರ ಅಕ್ಟೋಬರಿನಲ್ಲಿ. ಬರೀ 1956 ಎಂದು ಬರೆದರೆ, ಸ್ವಾತಂತ್ರ್ಯ ಬಂದ ದಿನವೇ ಆ ನೆನಪಿಗೆ ಜಾಗ ಗುರುತಿಸಿದ್ದರೆಂಬ ಮುಖ್ಯ ಸಂಗತಿ ಕೈತಪ್ಪುತ್ತದೆ. ಅದೇ ಶಿಲ್ಪಿಯ ‘ಶ್ರಮದ ವಿಜಯ’ 1954ರಲ್ಲಿ ದೆಹಲಿಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಶಿಲ್ಪ ಪ್ರದರ್ಶನದೊಂದಿಗೆ ಬಾಗಿಲು ತೆರೆದಾಗ ಬಹುಮಾನ ಪಡೆದಿತ್ತು. ಚೆನ್ನೈನ ಮರೀನಾ ತೀರದಲ್ಲಿ ಅದು ನಿಂತದ್ದು 1959ರಲ್ಲಿ.

ಕರ್ನಾಟಕದ ಫಲಕಗಳಲ್ಲಿ ಇಸವಿ ಇಲ್ಲದಿದ್ದರೂ ಸುಳಿವು ಸಿಗುತ್ತದೆ. ‘ಮೈಸೂರು ರಾಜ್ಯ’, ‘ಮೈಸೂರು ಸರ್ಕಾರ’ ಎಂದಿದ್ದರೆ 1973ರ ನವೆಂಬರ್ 1ಕ್ಕಿಂತ ಹಿಂದಿನದು. ವಿಳಾಸದಲ್ಲಿ ಆರಂಕಿಯ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ 15ಕ್ಕೂ ಈಚಿನದು. ರಾಷ್ಟ್ರೀಯ ಪಂಚಾಂಗದ ಶಕ ವರ್ಷ ಕೊಟ್ಟಿದ್ದರೆ 78 ಸೇರಿಸಿ, ಜನವರಿಯಿಂದ ಮಾರ್ಚ್ 21ರೊಳಗಿನ ದಿನವಾದರೆ 79. ಸಂವತ್ಸರದ ಹೆಸರು ಮಾತ್ರ ಇದ್ದರೆ, ಸರ್ವಜಿತು 1947-48, ದುರ್ಮುಖಿ 1956-57 ಎಂದು ಹಿಡಿದು ಲೆಕ್ಕ ಹಾಕಿ. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಮರಳುವುದರಿಂದ ಅಕ್ಷರದ ಬಗೆ, ಕಲ್ಲಿನ ಸವೆತ ನೋಡಿ ಖಚಿತಪಡಿಸಿಕೊಳ್ಳಬೇಕು. ಫಲಕವೇ ಹೊಸದಾಗಿರುವ ಸಾಧ್ಯತೆಯೂ ಇದೆ. ನಯವಾದ ಕಪ್ಪು ಗ್ರಾನೈಟಿನ ಮೇಲೆ ಯಂತ್ರದಿಂದ ಕೊರೆದು ಬಂಗಾರದ ಬಣ್ಣ ತುಂಬಿದ ಫಲಕ 1950ರ ದಶಕದ್ದಾಗಿರುವುದಿಲ್ಲ. ಹಳೆಯದು ಅದರ ಹಿಂದೆಯೋ ಪೀಠದ ಇನ್ನೊಂದು ಮಗ್ಗುಲಲ್ಲೋ ಇದೆಯೇ ಎಂದು ಹುಡುಕಿ.

ಫಲಕದಲ್ಲಿ ಅನಾವರಣ ಮಾಡಿದವರ ಹೆಸರು ದೊಡ್ಡದಾಗಿ, ಅಧ್ಯಕ್ಷತೆ ವಹಿಸಿದವರದು ಅದರ ಕೆಳಗೆ, ಗುತ್ತಿಗೆದಾರರದು ಕೊನೆಗೆ ಇರುತ್ತದೆ. ಶಿಲ್ಪಿಯ ಹೆಸರು ಎಷ್ಟೋ ಕಡೆ ಇರುವುದೇ ಇಲ್ಲ. ಇದು ಮನಸ್ಸಿಗೆ ನೋವು ಕೊಡುವ ಸಂಗತಿ, ಆದ್ದರಿಂದಲೇ ಸಹಿ ಹುಡುಕುವ ಕೆಲಸಕ್ಕೆ ಸಮಯ ಕೊಡಿ. ಕಂಚಿನಲ್ಲಿ ಸಹಿ ಇರುವುದು ಹಿಮ್ಮಡಿಯ ಹಿಂದೆ, ಪಾದದಡಿಯ ತಟ್ಟೆಯ ಅಂಚಿನಲ್ಲಿ ಅಥವಾ ಬಟ್ಟೆಯ ಕೊನೆಯ ಮಡಿಕೆಯಲ್ಲಿ. ಟಾರ್ಚನ್ನು ಮೇಲ್ಮೈಗೆ ಬಹುತೇಕ ಸಮಾನಾಂತರವಾಗಿ, ಹತ್ತು ಹದಿನೈದು ಡಿಗ್ರಿ ಓರೆಯಲ್ಲಿ ಹಿಡಿದರೆ ಬಣ್ಣದ ಪದರದಡಿಯ ಅಕ್ಷರವೂ ನೆರಳು ಚೆಲ್ಲುತ್ತದೆ. ಎರಕದ ಕಾರ್ಖಾನೆಯ ಮುದ್ರೆ ಸಿಕ್ಕರೆ ಬೇರೆ ಸಾಲಿನಲ್ಲಿ ಬರೆಯಿರಿ. ರೂಪಿಸಿದವರು, ಎರಕ ಹೊಯ್ದವರು ಒಂದೇ ಆಗಿರಬೇಕೆಂದಿಲ್ಲ. 2018ರಲ್ಲಿ ಅನಾವರಣವಾದ 182 ಮೀಟರಿನ ಸರ್ದಾರ್ ಪಟೇಲ್ ಪ್ರತಿಮೆಯ ಕಂಚಿನ ಹೊದಿಕೆಯ ಫಲಕಗಳು ಚೀನಾದಲ್ಲಿ ಎರಕಗೊಂಡವು ಎಂಬುದು ನೆನಪಿರಲಿ.

ಯಾವ ಹಳತನ್ನು ಆರಿಸಿಕೊಂಡರು

ಹೊಸ ದೇಶಕ್ಕೆ ಹಳೆಯ ಗುರುತು ಬೇಕಿತ್ತು. ಆದರೆ ಹಳತು ಬೇಕಾದಷ್ಟಿರುವ ಕಡೆ ಆರಿಸಿಕೊಳ್ಳುವುದೇ ಹೇಳಿಕೆಯಾಗುತ್ತದೆ. 1950ರ ಜನವರಿ 26ರಂದು ಸಾರನಾಥದ ಅಶೋಕ ಸ್ತಂಭದ ಬೋದಿಗೆ, ಅಂದರೆ ಕಂಬದ ತುದಿಯ ಕೆತ್ತಿದ ತಲೆಭಾಗ, ರಾಷ್ಟ್ರಲಾಂಛನವಾಯಿತು. ಚುನಾರಿನ ಮರಳುಗಲ್ಲಿನಲ್ಲಿ ಕಡೆದು ಗಾಜಿನಂತೆ ಹೊಳಪು ಕೊಟ್ಟ, ಎರಡು ಮೀಟರಿಗಿಂತ ತುಸು ಎತ್ತರದ ಈ ಬೋದಿಗೆ ಮಣ್ಣಿನಿಂದ ಹೊರಬಂದದ್ದು 1904-05ರ ಉತ್ಖನನದಲ್ಲಿ. ಧರ್ಮಚಕ್ರ ಮತ್ತು ಯುದ್ಧ ಬಿಟ್ಟ ದೊರೆಯ ನೆನಪನ್ನು, ದೇಶ ಧರ್ಮದ ಹೆಸರಿನಲ್ಲಿ ಒಡೆದು ರಕ್ತ ಹರಿದ ಬೆನ್ನಲ್ಲೇ, ಆರಿಸಿಕೊಂಡದ್ದು ಯೋಚಿಸಿ ಮಾಡಿದ ಕೆಲಸ.

ಲಾಂಛನದ ಪ್ರತಿಕೃತಿ ಎಲ್ಲಿ ಕಂಡರೂ ಮೂಲದ ಜೊತೆ ಹೋಲಿಸಬೇಕಾದ ಅಂಶಗಳಿವು. ಚಪ್ಪಟೆ ಲಾಂಛನದಲ್ಲಿ ಮೂರು ಸಿಂಹ ಮಾತ್ರ ಕಾಣುತ್ತವೆ, ಮೂರು ಆಯಾಮದ ಶಿಲ್ಪದಲ್ಲಿ ನಾಲ್ಕೂ ಇರಬೇಕು. ಪೀಠಪಟ್ಟಿಯ ನಡುವೆ ಚಕ್ರ, ಅದರ ಬಲಕ್ಕೆ ಗೂಳಿ, ಎಡಕ್ಕೆ ಕುದುರೆ. ಮೂಲದಲ್ಲಿರುವ ಗಂಟೆಯಾಕಾರದ ಕಮಲ ಲಾಂಛನದಲ್ಲಿಲ್ಲ. ಕೆಳಗೆ ದೇವನಾಗರಿಯಲ್ಲಿ ‘ಸತ್ಯಮೇವ ಜಯತೇ’. ಬೆಂಗಳೂರಿನ ವಿಧಾನಸೌಧದ ನಡುಗುಮ್ಮಟದ ಮೇಲಿರುವ ಸಿಂಹಗಳನ್ನು ಈ ಪಟ್ಟಿ ಹಿಡಿದು ದುರ್ಬೀನಿನಿಂದ ನೋಡಿ, ಅಭ್ಯಾಸಕ್ಕೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ.

ವಿಧಾನಸೌಧ ಕಟ್ಟಡವಾದರೂ ಶಿಲ್ಪದ ದೃಷ್ಟಿಯಿಂದ ಓದುವಂಥದ್ದು. 1951ರ ಜುಲೈ 13ರಂದು ನೆಹರೂ ಅಡಿಗಲ್ಲಿಟ್ಟರು, ಕೆಂಗಲ್ ಹನುಮಂತಯ್ಯನವರು ಮುಖ್ಯಮಂತ್ರಿಯಾದ ಮೇಲೆ ಅದು ಇಂದಿನ ರೂಪಕ್ಕೆ ಬೆಳೆದು 1956ರಲ್ಲಿ ಮುಗಿಯಿತು. ರಸ್ತೆಯ ಆಚೆ ಬದಿಯಲ್ಲಿ ಕೆಂಪು ಬಣ್ಣದ, ಗ್ರೀಕೋ-ರೋಮನ್ ಕಂಬಗಳ ಅಠಾರಾ ಕಚೇರಿ. ಈ ಬದಿಯಲ್ಲಿ ದ್ರಾವಿಡ ಶೈಲಿಯ ಕಂಬ, ಕಪೋತ (ಹೊರಚಾಚಿದ ಸೂರಿನಂಚು), ಕೆತ್ತನೆ. ನಡುವೆ ನಿಂತು ಎರಡೂ ಕಡೆಯ ಕಂಬದ ಬೋದಿಗೆಗಳನ್ನು ಒಂದೊಂದು ಚಿತ್ರ ಬರೆದುಕೊಂಡರೆ ಹತ್ತು ಪುಟದ ವಿವರಣೆ ಉಳಿಯುತ್ತದೆ.

ಹೆಸರಿಲ್ಲದ ದೇಹಗಳು

‘ಯಾರು’ ಅಂಕಣದಲ್ಲಿ ಹೆಸರಿಲ್ಲದವರು ಬಂದಾಗ ಕೈ ಹೆಚ್ಚು ನಿಧಾನಿಸಲಿ. ಮರೀನಾದ ‘ಶ್ರಮದ ವಿಜಯ’ದಲ್ಲಿ ಲಂಗೋಟಿ ಉಟ್ಟ ನಾಲ್ವರು ದೊಡ್ಡ ಬಂಡೆಯೊಂದನ್ನು ಮೀಟುತ್ತಿದ್ದಾರೆ. ಸ್ನಾಯು ಉಬ್ಬಿಸಿ ತೋರಿಸುವ ರೀತಿ ಯೂರೋಪಿನ ವಾಸ್ತವವಾದಿ ಶಿಲ್ಪದಿಂದ ಕಲಿತದ್ದು, ದೇಹಗಳು ಇಲ್ಲಿಯ ಕೂಲಿಯವರವು. ಕಾರ್ಮಿಕ ನಾಯಕ ಸಿಂಗಾರವೇಲರ್ 1923ರಲ್ಲಿ ಮೇ ದಿನ ಆಚರಿಸಿದ್ದೂ ಆ ನಗರದ ಕಡಲತೀರದಲ್ಲೇ, ಹಾಗಾಗಿ ‘ಜಾಗ’ದ ಅಂಕಣಕ್ಕೂ ಇಲ್ಲಿ ತೂಕವಿದೆ. ಶಾಂತಿನಿಕೇತನದಲ್ಲಿ ರಾಮಕಿಂಕರ್ 1938ರಲ್ಲೇ ‘ಸಂತಾಲ್ ಕುಟುಂಬ’ ಮಾಡಿದ್ದರು. 1956ರ ‘ಮಿಲ್ಲಿನ ಕರೆ’ಯಲ್ಲಿ ಗಿರಣಿಯ ಸೈರನ್ ಕೇಳಿ ಓಡುವ ಸಂತಾಲ್ ಹೆಂಗಸರಿದ್ದಾರೆ, ಬೆನ್ನ ಹಿಂದೆ ಸೀರೆ ಗಾಳಿಗೆ ಹಾರುತ್ತಿದೆ. ಮಧ್ಯಪ್ರದೇಶದ ಗಾಂಧಿ ಸಾಗರ ಅಣೆಕಟ್ಟೆಯಲ್ಲಿ ರಾಮ್ ಸುತಾರ್ ಕಾಂಕ್ರೀಟಿನಲ್ಲಿ ಕಡೆದ 45 ಅಡಿಯ ಚಂಬಲ್ ತಾಯಿಯ ಪಕ್ಕ ಇಬ್ಬರು ಮಕ್ಕಳಿದ್ದಾರೆ, ಒಂದು ಮಧ್ಯಪ್ರದೇಶ, ಇನ್ನೊಂದು ರಾಜಸ್ಥಾನ. ನೀರು ಹಂಚಿಕೊಳ್ಳಬೇಕಾದ ಎರಡು ರಾಜ್ಯಗಳಿಗೆ ಒಬ್ಬಳೇ ತಾಯಿ.

ಇಂಥ ಗುಂಪುಗಳಲ್ಲಿ ಬರೆದುಕೊಳ್ಳಬೇಕಾದ್ದು: ಎಷ್ಟು ಜನ, ಹೆಂಗಸರೆಷ್ಟು, ಯಾರ ಮುಖ ಯಾವ ಕಡೆ, ದೇಹದ ಭಾರ ಯಾವ ಕಾಲಿನ ಮೇಲೆ, ಕೈಯಲ್ಲಿರುವ ಉಪಕರಣ ಯಾವುದು, ಬಟ್ಟೆ ಉಟ್ಟ ಬಗೆ ಯಾವ ಪ್ರದೇಶದ್ದು. ‘ರೈತ’, ‘ಕಾರ್ಮಿಕ’ ಎಂದಷ್ಟೇ ಬರೆದು ಬಿಡಬೇಡಿ. ಗುದ್ದಲಿಯೋ ಹಾರೆಯೋ ಪಿಕಾಸಿಯೋ ಎಂಬುದರ ಮೇಲೆ ಶಿಲ್ಪಿ ಯಾವ ಕೆಲಸ ನೋಡಿ ಮಾಡಿದರು ಎಂಬುದು ಗೊತ್ತಾಗುತ್ತದೆ.

ಹೆಸರಿರುವವರ ಪ್ರತಿಮೆಯಲ್ಲಿ ಕೇಳಬೇಕಾದ್ದು ಬೇರೆ: ಇದು ಮೂಲವೋ, ಮತ್ತೊಂದರ ನಕಲೋ? ಸಂಸತ್ ಆವರಣದಲ್ಲಿ 1967ರಲ್ಲಿ ನಿಂತ ಬಿ.ವಿ. ವಾಘ್ ಅವರ ಅಂಬೇಡ್ಕರ್ ಪ್ರತಿಮೆಯ ನಿಲುವು, ಅಂದರೆ ಎಡಗೈಯಲ್ಲಿ ಪುಸ್ತಕ, ಮುಂದಕ್ಕೆ ಚಾಚಿದ ಬಲಗೈ, ಸೂಟು, ದೇಶದ ಊರೂರುಗಳಲ್ಲಿ ಕಾಣುತ್ತದೆ. ಒಂದೇ ಪಡಿಯಚ್ಚಿನಿಂದ ಬಂದವೇ ಎಂದು ತಿಳಿಯಲು ಮೂರು ಅನುಪಾತ ಸಾಕು: ತಲೆಯ ಎತ್ತರಕ್ಕೆ ಒಟ್ಟು ಎತ್ತರ, ಭುಜದ ಅಗಲಕ್ಕೆ ಸೊಂಟದ ಅಗಲ, ಪಾದಗಳ ನಡುವಿನ ಅಂತರಕ್ಕೆ ಪಾದದ ಉದ್ದ. ಮೂರೂ ಕೂಡಿಬಂದು ಬಟ್ಟೆಯ ಮಡಿಕೆಗಳೂ ಒಂದೇ ಆಗಿದ್ದರೆ ಒಂದೇ ಅಚ್ಚು. ನಿಲುವು ಒಂದೇ, ಅನುಪಾತ ಬೇರೆ ಆಗಿದ್ದರೆ ಊರಿನ ಶಿಲ್ಪಿ ಫೋಟೋ ನೋಡಿ ಮಾಡಿದ್ದಾರೆ. ಅದೂ ಗೌರವದಿಂದ ದಾಖಲಿಸಬೇಕಾದ ಕೆಲಸವೇ. ರಾಷ್ಟ್ರದ ಒಂದು ಚಿತ್ರ ಹಳ್ಳಿ ತಲುಪಿದ ದಾರಿ ಅದು.

ವಸ್ತು ಗುರುತಿಸುವುದು

‘ಕಂಚಿನ ಪ್ರತಿಮೆ’ ಎಂದು ಫಲಕ ಹೇಳಿದರೂ ನಂಬದೆ ಪರೀಕ್ಷಿಸಿ. ಕಂಚಿಗೆ ಅಯಸ್ಕಾಂತ ಅಂಟುವುದಿಲ್ಲ. ಎಲ್ಲೋ ಒಂದು ಕಡೆ ಮಾತ್ರ ಸೆಳೆದರೆ ಒಳಗಿನ ಕಬ್ಬಿಣದ ಚೌಕಟ್ಟು ಮೇಲ್ಮೈಗೆ ಹತ್ತಿರವಿದೆ ಎಂದರ್ಥ. ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿದರೆ ಕಂಚು ಗಂಟೆಯ ದನಿ ಕೊಡುತ್ತದೆ, ಫೈಬರ್ ಡಬ್ಬದ ಹಾಗೆ ಪೊಳ್ಳಾಗಿ ಕೇಳಿಸುತ್ತದೆ, ಸಿಮೆಂಟು ಮಂಕಾಗಿರುತ್ತದೆ. ಮಧ್ಯಾಹ್ನದ ಬಿಸಿಲಿಗೆ ಕಂಚು ಮುಟ್ಟಲಾಗದಷ್ಟು ಕಾಯುತ್ತದೆ, ಫೈಬರ್ ಅಷ್ಟಿಲ್ಲ. ಕಂಚಿನ ಬಣ್ಣ ಬಳಿದ ಫೈಬರಿನಲ್ಲಿ ಎರಡು ಅರ್ಧ ಕೂಡಿದ ಗೆರೆ ಕಿವಿಯ ಹಿಂದೆ ಅಥವಾ ತೋಳಿನ ಒಳಬದಿಯಲ್ಲಿ ಕಾಣುತ್ತದೆ.

ಮೇಣದ ಅಚ್ಚಿನ ವಿಧಾನದಲ್ಲಿ (ಮೇಣ ಕರಗಿಸಿ ಆ ಜಾಗಕ್ಕೆ ಲೋಹ ಹೊಯ್ಯುವುದು) ಎರಕಗೊಂಡ ಪ್ರತಿಮೆ ಒಳಗೆ ಟೊಳ್ಳು, ಗೋಡೆಯ ದಪ್ಪ ಸಾಮಾನ್ಯವಾಗಿ 4ರಿಂದ 8 ಮಿಲಿಮೀಟರ್. ತಾಮ್ರ 85, ತವರ, ಸತು, ಸೀಸ ತಲಾ 5 ಭಾಗ ಎಂಬುದು ಪ್ರತಿಮೆಗೆ ಬಳಸುವ ಒಂದು ರೂಢಿಯ ಮಿಶ್ರಣ. ತೂಕದ ಅಂದಾಜಿಗೆ ಸುಲಭ ಲೆಕ್ಕವಿದೆ: 6 ಮಿಲಿಮೀಟರ್ ದಪ್ಪದ ಕಂಚು ಚದರ ಮೀಟರಿಗೆ ಸುಮಾರು 52 ಕಿಲೋ ತೂಗುತ್ತದೆ. ಬಟ್ಟೆ ಸೇರಿ 3 ಚದರ ಮೀಟರ್ ಮೈಯಿರುವ ಆಳೆತ್ತರದ ಪ್ರತಿಮೆ 150 ಕಿಲೋ ಆಸುಪಾಸು ಬರಬೇಕು. ಕಡತದಲ್ಲಿ ಅದಕ್ಕೆ ಒಂದು ಟನ್ ಎಂದಿದ್ದರೆ ಒಳಚೌಕಟ್ಟೋ ಪೀಠವೋ ಸೇರಿದೆ, ಇಲ್ಲವೇ ಅಂಕಿ ತಪ್ಪು. ಬೃಹತ್ ಪ್ರತಿಮೆಗಳಲ್ಲಂತೂ ಉಕ್ಕೇ ಹೆಚ್ಚು. ಬೆಂಗಳೂರು ವಿಮಾನ ನಿಲ್ದಾಣದ 108 ಅಡಿಯ ಕೆಂಪೇಗೌಡರ ಪ್ರತಿಮೆಯಲ್ಲಿ ಕಂಚು 98 ಟನ್, ಉಕ್ಕು 120 ಟನ್.

ಕಾಂಕ್ರೀಟನ್ನು ‘ಅಗ್ಗದ ವಸ್ತು’ ಎಂದು ತಳ್ಳಿಹಾಕುವುದು ದೊಡ್ಡ ತಪ್ಪು. ರಾಮಕಿಂಕರ್ ಕಬ್ಬಿಣದ ಸರಳಿನ ಚೌಕಟ್ಟಿನ ಮೇಲೆ ಸಿಮೆಂಟು ಮತ್ತು ಜಂಬಿಟ್ಟಿಗೆ ಕಲ್ಲಿನ ಹರಳನ್ನು ನೇರವಾಗಿ ಎಸೆದು ಕಟ್ಟುತ್ತಿದ್ದರು. ಆ ಒರಟು ಮೈ ಅಲ್ಲಿನ ಕೆಮ್ಮಣ್ಣಿನ ನೆಲದ ಮುಂದುವರಿಕೆ. ಅಂಥದರ ಮೇಲೆ ಯಾರಾದರೂ ನಯವಾದ ಗಾರೆ ಬಳಿದು, ಬಂಗಾರದ ಬಣ್ಣ ಹೊಡೆದು ‘ದುರಸ್ತಿ’ ಮಾಡಿದ್ದರೆ ಶಿಲ್ಪದ ಮಾತೇ ಮುಚ್ಚಿಹೋಗಿರುತ್ತದೆ. ಬಣ್ಣ ಎದ್ದಿರುವ ಕಡೆ ಪದರಗಳನ್ನು ಎಣಿಸಿ, ಯಾವ ಬಣ್ಣ ಯಾವುದರ ಕೆಳಗಿದೆ ಎಂದು ಬರೆಯಿರಿ, ಕೆರೆಯಬೇಡಿ.

ಪೀಠ, ದಿಕ್ಕು, ಎತ್ತರ

ಪೀಠವನ್ನು ಪ್ರತಿಮೆಯಷ್ಟೇ ಕಾಳಜಿಯಿಂದ ಅಳೆಯಬೇಕು. ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ 1906ರಲ್ಲಿ ನಿಂತ ವಿಕ್ಟೋರಿಯಾ ರಾಣಿಯ ಅಮೃತಶಿಲೆಯ ಪ್ರತಿಮೆ 11 ಅಡಿ, ಅದರ ಗ್ರಾನೈಟ್ ಪೀಠ 13 ಅಡಿ. ಪೀಠ ಪ್ರತಿಮೆಗಿಂತ ಎತ್ತರವಾದಾಗ ನೋಡುವವರು ಪ್ರಜೆಗಳಾಗುತ್ತಾರೆ. ದೆಹಲಿಯಲ್ಲಿ ರಾಯ್ ಚೌಧುರಿಯವರ ದಂಡಿ ಯಾತ್ರೆಯ ಹನ್ನೊಂದು ಮೂರ್ತಿಗಳಲ್ಲಿ ಗಾಂಧಿ ಮುಂದಿದ್ದರೂ ಗುಂಪಿನ ಜೊತೆಯಲ್ಲೇ ಇದ್ದಾರೆ, ಜನರೆಲ್ಲ ಅವರ ಹಿಂದೆ ನಡೆಯುತ್ತಿದ್ದಾರೆ. ನಿಮ್ಮ ಊರಿನ ಪ್ರತಿಮೆಗೆ ಪೀಠ ಮತ್ತು ಪ್ರತಿಮೆಯ ಅನುಪಾತ ಹಾಕಿ, ರಾಣಿಯ 13:11 ಹಾಗೂ ಪೀಠವಿಲ್ಲದೆ ಆಳೆತ್ತರದಲ್ಲಿ ನಿಂತ ಗುಂಪು ಇವುಗಳ ನಡುವೆ ಅದು ಎಲ್ಲಿ ಬರುತ್ತದೆ ನೋಡಿ.

ಎತ್ತರ ಅಳೆಯಲು ಮೇಲೆ ಹತ್ತಬೇಕಿಲ್ಲ. ಪೀಠದ ಬುಡದಿಂದ 12 ಮೀಟರ್ ದೂರ ನಿಂತು ತುದಿಯ ಕೋನ ಅಳೆಯಿರಿ. 35 ಡಿಗ್ರಿ ಬಂದರೆ 12ನ್ನು 0.70ರಿಂದ ಗುಣಿಸಿ 8.4, ಅದಕ್ಕೆ ನಿಮ್ಮ ಕಣ್ಣಿನ ಎತ್ತರ 1.5 ಸೇರಿಸಿದರೆ 9.9 ಮೀಟರ್. ನೆಲ ಇಳಿಜಾರಾಗಿದ್ದರೆ ಲೆಕ್ಕ ಕೆಡುತ್ತದೆ. ಹಾಗಾಗಿ ಇನ್ನೊಂದು ದಿಕ್ಕಿನಿಂದಲೂ ಅಳೆದು, ಅರ್ಧ ಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮತ್ತೆ ಅಳೆಯಿರಿ.

ನೋಡುವ ದೂರಕ್ಕೂ ಲೆಕ್ಕವಿದೆ. ಒಟ್ಟು ಎತ್ತರದಷ್ಟೇ ದೂರ ನಿಂತರೆ ವಿವರ ಕಾಣುತ್ತದೆ, ಎರಡು ಪಟ್ಟು ದೂರದಿಂದ ಇಡೀ ಶಿಲ್ಪ, ಮೂರು ಪಟ್ಟು ದೂರದಿಂದ ಸುತ್ತಲಿನ ಕಟ್ಟಡಗಳ ಜೊತೆಗಿನ ಸಂಬಂಧ. ಬುಡದಲ್ಲಿ ನಿಂತು ತೆಗೆದ ಫೋಟೋದಲ್ಲಿ ದವಡೆ, ಮೂಗಿನ ಹೊಳ್ಳೆ ಹಿಗ್ಗಿ ಮುಖಭಾವವೇ ಬದಲಾಗುತ್ತದೆ. 2022ರಲ್ಲಿ ಹೊಸ ಸಂಸತ್ ಭವನದ 6.5 ಮೀಟರ್ ಎತ್ತರದ ಕಂಚಿನ ಲಾಂಛನದ ಸಿಂಹಗಳು ಉಗ್ರವಾಗಿ ಕಾಣುತ್ತವೆಯೇ ಎಂಬ ವಾದ ಎದ್ದಾಗ ಕೋನ ಮತ್ತು ಗಾತ್ರದ ಪ್ರಶ್ನೆ ಮುಂದೆ ಬಂದದ್ದು ಇದೇ ಕಾರಣಕ್ಕೆ. ಇಂಥ ಹೋಲಿಕೆ ಮಾಡುವಾಗ ಎರಡೂ ಶಿಲ್ಪಗಳನ್ನು ಒಂದೇ ಕೋನದಿಂದ ತೆಗೆದ ಚಿತ್ರಗಳಿಲ್ಲದಿದ್ದರೆ ತೀರ್ಪು ಕೊಡಬಾರದು.

ಪ್ರತಿಮೆಯ ಎದೆ ಯಾವ ದಿಕ್ಕಿಗಿದೆ ಎಂದು ದಿಕ್ಸೂಚಿಯಿಂದ ಓದಿ, ಆ ಗೆರೆ ಎಲ್ಲಿಗೆ ತಲುಪುತ್ತದೆ ಎಂದು ನಕ್ಷೆಯಲ್ಲಿ ಎಳೆಯಿರಿ. ಶಾಸನಸಭೆಯೋ, ಮಾರುಕಟ್ಟೆಯೋ, ಹಳೆಯ ಕಂಟೋನ್ಮೆಂಟೋ? ಆ ಜಾಗದಲ್ಲಿ ಮೊದಲು ಯಾರಿದ್ದರು ಎಂದೂ ಕೇಳಬೇಕು. ಇಂಡಿಯಾ ಗೇಟಿನ ಬಳಿಯ ಮಂಟಪದಿಂದ ಐದನೇ ಜಾರ್ಜ್ ಪ್ರತಿಮೆಯನ್ನು ತೆಗೆದದ್ದು 1968ರಲ್ಲಿ, ಅಂದರೆ ಸ್ವಾತಂತ್ರ್ಯ ಬಂದು ಎರಡು ದಶಕ ಕಳೆದ ಮೇಲೆ. ಅದೀಗ ಕೊರೊನೇಷನ್ ಪಾರ್ಕಿನಲ್ಲಿದೆ. ಮಂಟಪ ಅರ್ಧ ಶತಮಾನಕ್ಕೂ ಮೀರಿ ಖಾಲಿಯಿತ್ತು. 2022ರ ಸೆಪ್ಟೆಂಬರ್ 8ರಂದು ಅಲ್ಲಿ ಮೈಸೂರಿನ ಅರುಣ್ ಯೋಗಿರಾಜ್ ನೇತೃತ್ವದಲ್ಲಿ ಕಡೆದ 28 ಅಡಿಯ ನೇತಾಜಿ ಬಂದರು; 280 ಟನ್ನಿನ ಗ್ರಾನೈಟ್ ಬಂಡೆಯಿಂದ ಉಳಿದ ಪ್ರತಿಮೆ 65 ಟನ್. ಖಾಲಿ ಪೀಠವೂ ನಿಮ್ಮ ಪಟ್ಟಿಯಲ್ಲಿ ಒಂದು ನಮೂದು.

ಕಡತ ಹುಡುಕುವುದು

ಅನಾವರಣದ ದಿನಾಂಕ ಸಿಕ್ಕರೆ ಅದರ ಹಿಂದು ಮುಂದಿನ ಮೂರು ದಿನಗಳ ಪತ್ರಿಕೆ ನೋಡಿ. ಭಾಷಣದ ವರದಿಯಲ್ಲಿ ಶಿಲ್ಪಿಯ ಹೆಸರು, ದೇಣಿಗೆಯ ಮೊತ್ತ ಬಂದಿರುತ್ತದೆ. 1957ರ ಮಾರ್ಚ್ ಮುಗಿಯುವವರೆಗಿನ ಲೆಕ್ಕ ರೂಪಾಯಿ-ಆಣೆ-ಪೈಯಲ್ಲಿರುತ್ತದೆ, ದಶಾಂಶ ಎಂದು ತಪ್ಪಾಗಿ ಓದಬೇಡಿ.

ಆಡಳಿತ ಕಡತ ಯಾವ ಊರಿನಲ್ಲಿದೆ ಎಂಬುದು ಆಗಿನ ಗಡಿಯ ಮೇಲೆ ನಿಂತಿದೆ. 1956ರ ನವೆಂಬರಿಗೆ ಮೊದಲು ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರ ಮುಂಬೈ ಆಡಳಿತದಲ್ಲಿದ್ದವು. ಬೀದರ್, ಕಲಬುರಗಿ, ರಾಯಚೂರು ಹೈದರಾಬಾದಿನಲ್ಲಿ, ಮಂಗಳೂರು ಮದ್ರಾಸಿನಲ್ಲಿ, ಕೊಡಗು ಪ್ರತ್ಯೇಕ. ಬಳ್ಳಾರಿ 1953ರ ಅಕ್ಟೋಬರಿನಲ್ಲೇ ಮದ್ರಾಸಿನಿಂದ ಮೈಸೂರಿಗೆ ಬಂತು. ಇದನ್ನು ಗಮನಿಸದೆ ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ವಾರಗಟ್ಟಲೆ ಹುಡುಕಿದರೆ ಏನೂ ಸಿಗುವುದಿಲ್ಲ. ಕೇಂದ್ರ ಸರ್ಕಾರದ ಕೆಲಸವಾದರೆ ರಾಷ್ಟ್ರೀಯ ಪತ್ರಾಗಾರದ ಅಭಿಲೇಖ ಪಟಲ್ ಜಾಲತಾಣದಲ್ಲಿ ಮೊದಲು ಹುಡುಕಿ.

ಪುರಸಭೆ, ಪಾಲಿಕೆ, ಲೋಕೋಪಯೋಗಿ ಇಲಾಖೆಗಳಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು: ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ‘ಈ ಪ್ರತಿಮೆಯನ್ನು ಏಕೆ ಆರಿಸಿದಿರಿ’ ಎಂದು ಕೇಳಿದರೆ ಅರ್ಜಿ ತಿರಸ್ಕೃತವಾಗುತ್ತದೆ, ಏಕೆಂದರೆ ಕಾಯ್ದೆ ಕೊಡುವುದು ಇರುವ ದಾಖಲೆಯನ್ನು, ವಿವರಣೆಯನ್ನಲ್ಲ. ‘ಠರಾವಿನ ಪ್ರತಿ, ಆಯ್ಕೆ ಸಮಿತಿಯ ನಡಾವಳಿ, ಶಿಲ್ಪಿಯೊಂದಿಗಿನ ಕರಾರು, ಅಂತಿಮ ಬಿಲ್ಲು, ದುರಸ್ತಿಯ ಕಡತ’ ಎಂದು ಹೆಸರಿಸಿ ಕೇಳಿ. ಕಡತ ನಾಶವಾಗಿದೆ ಎಂದರೆ ನಾಶಪಡಿಸಿದ ವಹಿಯ ಆ ಪುಟದ ಪ್ರತಿ ಕೇಳಿ, ಕಡತದ ಶೀರ್ಷಿಕೆ ಮತ್ತು ಇಸವಿಯಾದರೂ ಅದರಲ್ಲಿ ಸಿಗುತ್ತದೆ.

ಫೋಟೋ ಮತ್ತು ಸ್ಥಿತಿ

ಎಂಟು ದಿಕ್ಕಿನಿಂದ ಎಂಟು ಫೋಟೋ, ಪ್ರತಿಯೊಂದರಲ್ಲೂ ಅಳತೆಗೋಲು. ಜೊತೆಗೆ ಮುಖ, ಕೈ, ಪಾದ, ಫಲಕ. ಬೆಳಿಗ್ಗೆ ಒಂಬತ್ತರೊಳಗೆ ಅಥವಾ ಸಂಜೆ ನಾಲ್ಕರ ನಂತರ ತೆಗೆಯಿರಿ, ನಡುಮಧ್ಯಾಹ್ನ ಹುಬ್ಬಿನ ನೆರಳು ಕಣ್ಣನ್ನು ನುಂಗುತ್ತದೆ. ರಿಸರ್ವ್ ಬ್ಯಾಂಕ್, ವಿಧಾನಸೌಧದಂಥ ಕಡೆ ಮೊದಲೇ ಅನುಮತಿ ಪಡೆಯಿರಿ.

ಕಂಚಿನ ಮೇಲೆ ಸಮನಾಗಿ ಕೂತ ಕಂದು ಅಥವಾ ಹಸಿರು ಪದರ ಲೋಹವನ್ನು ಕಾಯುತ್ತದೆ. ಮಳೆನೀರು ಇಳಿದ ಜಾಡಿನಲ್ಲಿ ತಿಳಿಹಸಿರು ಗೀರುಗಳಿರುವುದು ಸಹಜ. ಆತಂಕಪಡಬೇಕಾದ್ದು ಪುಡಿಪುಡಿಯಾಗಿ ಉದುರುವ, ಮತ್ತೆ ಮತ್ತೆ ಏಳುವ ತಿಳಿ ಕಿಲುಬಿನ ಚುಕ್ಕೆಗಳಿಗೆ. ಅದು ಕ್ಲೋರೈಡಿನ ಕೆಲಸ, ಕಡಲತೀರದಲ್ಲಿ ಹೆಚ್ಚು. ಕಂಚಿನ ಮೇಲೆ ಕೆಂಪು ತುಕ್ಕಿನ ಕಲೆ ಕಂಡರೆ ಎರಕದಲ್ಲಿ ಉಳಿದ ಕಬ್ಬಿಣದ ಮೊಳೆಯೋ ಒಳಚೌಕಟ್ಟೋ ತುಕ್ಕು ಹಿಡಿದಿದೆ. ಪಾದದ ಬಳಿ ನೀರು ಹೊರಹೋಗುವ ತೂತು ಮುಚ್ಚಿದೆಯೇ ನೋಡಿ. ಹುಣಸೆಹಣ್ಣು, ನಿಂಬೆ, ಪಾಲಿಶ್ ಹಾಕಿ ಜಯಂತಿಗೆ ಮುನ್ನ ಉಜ್ಜುವ ಪದ್ಧತಿ ಎಷ್ಟೋ ಕಡೆ ಇದೆ. ಆಮ್ಲ ಆ ಕಾಯುವ ಪದರವನ್ನೇ ತಿನ್ನುತ್ತದೆ, ಹೊಳಪು ಕೆಲವು ವಾರಕ್ಕೆ ಮಾಸಿ ಮೊದಲಿಗಿಂತ ಕೆಟ್ಟ ಕಲೆ ಬರುತ್ತದೆ. ಕಾಂಕ್ರೀಟಿನಲ್ಲಿ ಬಿರುಕು ಉದ್ದಕ್ಕೆ ಗೆರೆ ಎಳೆದಂತೆ ಹೋಗಿದ್ದರೆ ಅದರಡಿಯ ಸರಳು ತುಕ್ಕು ಹಿಡಿದು ಉಬ್ಬಿದೆ. ಮೇಲಿನಿಂದ ಗಾರೆ ಮೆತ್ತಿದರೆ ಒಳಗಿನ ಉಬ್ಬುವಿಕೆ ನಿಲ್ಲುವುದಿಲ್ಲ, ಮುಂದೊಂದು ಮಳೆಗಾಲದಲ್ಲಿ ದೊಡ್ಡ ಚೂರೇ ಬೀಳುತ್ತದೆ. ಗಾಂಧಿಯ ಕನ್ನಡಕ, ಕೋಲು ಬೇರೆಯಾಗಿ ಎರಕ ಹೊಯ್ದು ಕೂಡಿಸಿದ ಭಾಗಗಳು. ಇವೆಯೇ, ಮೂಲದ್ದೇ, ಬದಲಿಸಿದ್ದೇ ಎಂದು ಪ್ರತ್ಯೇಕ ಬರೆಯಿರಿ.

ನಮೂದು

ಕೊನೆಗೆ ಬರೆಯುವ ನಮೂದು ಚಿಕ್ಕದಿರಲಿ, ಮೊದಲು ಸಂಗತಿ, ನಂತರ ಓದು. ಮಾದರಿಗೆ:

‘ಯಕ್ಷಿ. ರಿಸರ್ವ್ ಬ್ಯಾಂಕ್, ಸಂಸದ್ ಮಾರ್ಗ, ನವದೆಹಲಿ. ಶಿಲ್ಪಿ ರಾಮಕಿಂಕರ್ ಬೈಜ್. ಮರಳುಗಲ್ಲು, ಬೈಜನಾಥ, ಕಾಂಗ್ರಾ. ಎತ್ತರ ಸುಮಾರು 24 ಅಡಿ. ತೀರ್ಮಾನ 1950ರ ದಶಕದ ಮಧ್ಯ, ಪೂರ್ಣಗೊಂಡದ್ದು 1967. ಮಾದರಿ: ಬೇಸ್‌ನಗರದ ಯಕ್ಷಿ. ಕೈಯಲ್ಲಿ ಹೂವು, ಪೈರು. ಜೋಡಿ: ಯಕ್ಷ. ವಿವಾದ: ನಗ್ನತೆಯ ಬಗ್ಗೆ ರಾಜ್ಯಸಭೆಯಲ್ಲಿ ಪ್ರಶ್ನೆ. ಓದು: ಜನಪದ ಸಮೃದ್ಧಿಯ ದೇವತೆಗೆ ಕೃಷಿಯ ಸಂಕೇತ ಕೊಟ್ಟು, ಹಣಕಾಸಿನ ಸಂಸ್ಥೆಯ ಬಾಗಿಲಲ್ಲಿ ನಿಲ್ಲಿಸಲಾಗಿದೆ.’

‘ಓದು’ ಎಂಬ ಭಾಗ ಎರಡು ವಾಕ್ಯ ಮೀರದಿರಲಿ, ಅದರಲ್ಲಿ ಬರುವ ಪ್ರತಿ ಮಾತಿಗೂ ಮೇಲಿನ ಸಂಗತಿಗಳಲ್ಲಿ ಆಧಾರವಿರಲಿ. ಪ್ರತಿ ಫೋಟೋ ತೆಗೆದ ಜಾಗವನ್ನು ಪೀಠದ ಮೂಲೆಯಿಂದ ಇಷ್ಟು ಮೀಟರ್, ಇಂಥ ದಿಕ್ಕು ಎಂದು ಬರೆದಿಡಿ, ಐದು ವರ್ಷ ಬಿಟ್ಟು ಬೇರೆಯವರು ಅದೇ ಜಾಗದಿಂದ ತೆಗೆದು ಹೋಲಿಸಬಹುದು. ಒಂದು ಪ್ರತಿ ನಿಮ್ಮಲ್ಲಿರಲಿ, ಒಂದು ಪ್ರತಿ ಊರಿನ ಗ್ರಂಥಾಲಯಕ್ಕೆ, ಇನ್ನೊಂದು ಪ್ರತಿಮೆಯ ಹೊಣೆ ಹೊತ್ತ ಕಚೇರಿಗೆ ಸ್ವೀಕೃತಿ ಪಡೆದು ಕೊಡಿ.